ನಾನು ತಿದ್ದಿದ ಕನಸು

ಗಂಡನ ಅಕ್ಷರ ಊರ ತುಂಬ ತೂಗಾಡುತ್ತಿರುವಾಗ ಹೆಂಡತಿಯಾದವಳು ಅಕ್ಷರ ಕಲಿಯಲು ಕಾಲೇಜಿಗೆ ಹೊರಟರೆ ಆ ಗಂಡನಿಗೆ ಹೇಗಾಗಬೇಡ, ನೀವೇ ಹೇಳಿ. ನಾನು ಬೋರ್ಡು ಬರೆಯುವವನು. ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂದು ನಾನು ಬರೆದ ಕಡೆಯೆಲ್ಲ ಜನ ವಾಹನ ನಿಲ್ಲಿಸಿ ನನ್ನ ಅಕ್ಷರ ನೋಡುತ್ತಾರೆ (ಹಾಗೆಂದು ನಾನು ನಂಬಿದ್ದೇನೆ). ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ನಾನು ಬಿಡಿಸಿದ ಹಲ್ಲನ್ನು ನೋಡಿಯೇ ರೋಗಿಗಳಿಗೆ ಅರ್ಧ ನೋವು ಇಳಿಯುತ್ತದೆಂದು ಸ್ವತಃ ಡಾಕ್ಟರೇ ಹೇಳಿದ್ದಾರೆ. ಇಂಥ ಅಕ್ಷರಬ್ರಹ್ಮನ ಸಹಧರ್ಮಿಣಿ, ಮಗಳ ಮದುವೆಯಾಗಿ ಮನೆ ಖಾಲಿಯಾದ ಮೇಲೆ, ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, “ರೀ, ನಾನು ಕಾಲೇಜಿಗೆ ಸೇರಿದೀನಿ” ಎಂದಳು.

“ಏನು, ಕ್ಯಾಂಟೀನಿಗಾ?” ಎಂದೆ.

“ಬಿ.ಎ.ಗೆ. ಪೂರ್ವ ಏಷ್ಯಾದ ಭಾಷೆಗಳು ಮತ್ತು ಸಂಸ್ಕೃತಿ.”

ಕಾಫಿ ನನ್ನ ಮೂಗಿನ ದಾರಿ ಹಿಡಿಯಿತು. “ಅಲ್ವೇ, ಹೊಲಿಗೆ ಕಲಿ, ಕಂಪ್ಯೂಟರ್ ಕಲಿ, ಬೇಡ ಅನ್ನಲ್ಲ. ಚೀನಾ ಜಪಾನು ಕೊರಿಯಾ ಕಟ್ಕೊಂಡು ಏನು ಮಾಡ್ತೀಯೇ? ಅಲ್ಲಿ ನಿನ್ನ ಸೋದರಮಾವ ಇದ್ದಾರಾ?”

ಅವಳು ಕಿಟಕಿಯ ಕಡೆ ನೋಡುತ್ತ ಕೂತಳು. ಎದುರುಮನೆಯ ಗೋಡೆ, ಅದರ ಮೇಲೊಂದು ಬೆಕ್ಕು, ಅಷ್ಟೇ ಕಾಣುವ ಕಿಟಕಿ ಅದು. “ನೋಡಿದ್ದನ್ನೇ ನೋಡಿ, ಕೇಳಿದ್ದನ್ನೇ ಕೇಳಿ ಸಾಕಾಗಿದೆ ಕಣ್ರೀ. ನಂಗೆ ಒಂದಕ್ಷರಾನೂ ಗೊತ್ತಿಲ್ಲದ ಕಡೆ ಹೋಗ್ಬೇಕು ಅನ್ನಿಸ್ತು. ಹೋಗೋಕಂತೂ ಆಗಲ್ಲ. ಅದಕ್ಕೆ ಓದ್ತೀನಿ.”

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. ಅವಳಮ್ಮ ನಮ್ಮ ಜೊತೆಗೇ ಇದ್ದಾರೆ; ಕಣ್ಣು ಮಂದ, ಕಿವಿ ಮಾತ್ರ ಪೊಲೀಸ್ ಇಲಾಖೆಗೆ ಸಾಲಗೊಡುವಷ್ಟು ಚುರುಕು. “ಮದುವೆ ಅಂತ ಅವಳ ಓದು ಅರ್ಧಕ್ಕೆ ನಿಲ್ಲಿಸಿದ್ದು ನಾನು. ಒಂದು ಡಿಗ್ರಿ ಆಗ್ಲಿಲ್ಲ ಅಂತ ಅವಳು ಇವತ್ತಿಗೂ ಕೊರಗ್ತಾಳೆ. ಅದು ಕೈಗೆ ಬರೋವರೆಗೂ ಯಾರೂ ಅಡ್ಡ ಬರಕೂಡದು. ಅಳಿಯಂದಿರೇ, ನಿಮಗೇ ಹೇಳ್ತಿರೋದು.”

ನಾನು ಅಡ್ಡ ಬರಲಿಲ್ಲ. ಅಡ್ಡ ಬರುವ ಗಂಡಂದಿರ ಪೈಕಿ ನಾನಲ್ಲ. ಸಹಾಯ ಮಾಡುವ ಗಂಡಂದಿರ ಪೈಕಿ. ಅದೇ ಮುಂದೆ ಮುಳುವಾಯಿತು.

ಮೊದಮೊದಲು ನನಗೆ ಲಾಭವೇ ಆಯಿತು. ಒಂದು ದಿನ ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತುಸು ಬಾಗಿ, ನನ್ನ ಮುಂದೆ ಚಾಚಿದಳು. ಮದುವೆಯಾದಂದಿನಿಂದ ಟೇಬಲ್ಲಿನ ಮೇಲೆ ‘ಟಣ್’ ಎಂದು ಇಡಲ್ಪಡುತ್ತಿದ್ದ ಕಾಫಿ! ನನ್ನ ಎದೆ ಉಬ್ಬಿತು. ಕೊನೆಗೂ ವಿದ್ಯೆಯಿಂದ ವಿನಯ ಬಂತಲ್ಲ ಎಂದುಕೊಂಡು, ಪೇಪರ್ ಓದುತ್ತಲೇ ಒಂದು ಕೈ ಚಾಚಿದೆ.

“ಎರಡು ಕೈ” ಎಂದಳು.

ಚಾಚಿದೆ.

“ಪೇಪರ್ ಕೆಳಗಿಡಿ. ಲೋಟ ನೋಡಿ. ಕುಡಿಯೋಕೆ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ನೋಡ್ಬೇಕು.”

ಸ್ಟೀಲಿನ ಲೋಟದಲ್ಲಿ ನೋಡುವುದೇನಿದೆ? ನನ್ನದೇ ಮುಖ ಉದ್ದಕ್ಕೆ ಎಳೆದುಕೊಂಡು ಕಾಣುತ್ತಿತ್ತು. ನೋಡುತ್ತ ಕೂತೆ. ಆರಿದ ಕಾಫಿ ಕುಡಿದೆ. ಅತ್ತೆಯಂತೂ ಮಗಳ ಎದುರು ಎರಡು ಕೈ ಚಾಚುವುದನ್ನು ಎಷ್ಟು ಬೇಗ ಕಲಿತರೆಂದರೆ, ನನ್ನ ಬಿಸ್ಕತ್ತಿಗೂ ಎರಡೂ ಕೈ ಚಾಚತೊಡಗಿದರು.

ಎರಡನೆಯ ವರ್ಷದಲ್ಲಿ ಕುಂಚ ಬಂತು. ಅಲ್ಲಿಂದ ನಮ್ಮ ಮನೆ ನಮ್ಮ ಮನೆಯಾಗಿ ಉಳಿಯಲಿಲ್ಲ. ಅವಳು ಶಾಯಿಯ ಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಿದ್ದಳು. ಅವಸರವಿಲ್ಲ, ಮಾತಿಲ್ಲ, ತೇಯುವ ಮೆಲ್ಲನೆಯ ಸದ್ದು ಮಾತ್ರ. ಸುಟ್ಟ ಕಟ್ಟಿಗೆಯ ಹಾಗೆ, ಎಲ್ಲೋ ದೂರದ ಕಾಡಿನ ಹಾಗೆ ಒಂದು ವಾಸನೆ ನಡುಮನೆಯ ತುಂಬ ಹರಡುತ್ತಿತ್ತು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ನನ್ನ ಅಂಗಿಗಳ ಪಕ್ಕದಲ್ಲಿ ತೆಳ್ಳನೆಯ ಕಾಗದಗಳು ತೂಗುತ್ತಿದ್ದವು: ನದಿ, ಬೆಟ್ಟ, ಮಂಜು, ಹಕ್ಕಿ. ಗಾಳಿ ಬಂದರೆ ನದಿ ಹೋಗಿ ನನ್ನ ಬನಿಯನ್ನಿಗೆ ತಾಗುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿ ಅವನ್ನು ನೋಡುತ್ತಿದ್ದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ನಾನೊಂದು ಪುಟ್ಟ ದೋಣಿಯಲ್ಲಿ ಕೂತಿರುತ್ತಿದ್ದೆ. ಎರಡೂ ಬದಿಗೆ ಮಂಜು. ದಡದಲ್ಲಿ ಯಾರೋ ಎರಡು ಕೈಯಲ್ಲಿ ಕಾಫಿ ಹಿಡಿದು ನಿಂತಿರುತ್ತಿದ್ದರು. ದೋಣಿ ಮಾತ್ರ ಎಷ್ಟು ಹುಟ್ಟು ಹಾಕಿದರೂ ದಡ ಸೇರುತ್ತಿರಲಿಲ್ಲ. ಸತ್ಯವಾಗಿ ಹೇಳುತ್ತೇನೆ, ಅಷ್ಟು ಒಳ್ಳೆಯ ನಿದ್ದೆ ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಆದರೆ ಎಚ್ಚರವಾದಾಗ ಒಂದು ಸಂಕಟ. ಅವಳು ಕುಂಚ ಹಿಡಿಯುವ ರೀತಿ ನನ್ನಿಂದ ನೋಡಲಾಗುತ್ತಿರಲಿಲ್ಲ. ನಾವು ಕೈಯ ಕೆಳಗೆ ಕೋಲು ಆನಿಸಿ, ಉಸಿರು ಬಿಗಿಹಿಡಿದು, ಸೀಮೆಸುಣ್ಣದ ಗುರುತಿನ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಬರೆಯುವವರು. ಇವಳೋ ಖಾಲಿ ಕಾಗದದ ಮುಂದೆ ಕೂತು ಅದನ್ನೇ ನೋಡುತ್ತಾಳೆ, ನೋಡುತ್ತಾಳೆ, ಇನ್ನೇನು ಇವಳೂ ದೋಣಿ ಹತ್ತಿದಳು ಅನ್ನುವಷ್ಟರಲ್ಲಿ, ತೋಳು ಬೀಸಿ ‘ಸರ್ರ್’ ಎಂದು ಒಂದೇ ಎಳೆತ! ಮುಗಿಯಿತು.

“ಇದೇನೇ ಇದು? ಗುರುತು ಹಾಕ್ಕೊಳ್ಳಲ್ವಾ? ಸ್ಕೇಲ್ ಬೇಡ್ವಾ?”

“ಬೇಡ.”

“ತಪ್ಪಾದ್ರೆ?”

“ತಪ್ಪಾದ್ರೆ ತಪ್ಪು. ಇನ್ನೊಂದು ಕಾಗದ.”

“ಕಾಗದದ ಗಿರಣಿ ನಿಮ್ಮಪ್ಪಂದಾ?” ಎಂದೆ. ಒಳಕೋಣೆಯಿಂದ ಒಂದು ಕೆಮ್ಮು ಕೇಳಿಸಿತು. ಪೇಪರ್ ಎತ್ತಿಕೊಂಡೆ.

ಹೀಗೆ ಕೊನೆಯ ವರ್ಷವೂ ಬಂತು. ಭಾಷೆ, ಚರಿತ್ರೆ, ಕಾವ್ಯ ಎಲ್ಲದರಲ್ಲೂ ಅವಳು ಪಾಸು. ಉಳಿದದ್ದು ಒಂದೇ ಒಂದು ಅಕ್ಷರ. ಪ್ರತಿ ವಿದ್ಯಾರ್ಥಿಯೂ ಒಂದು ದೊಡ್ಡ ಚೀನೀ ಅಕ್ಷರ (ಅಲ್ಲಿ ಒಂದಕ್ಷರವೆಂದರೆ ಒಂದು ಪೂರ್ತಿ ಪದ) ಬರೆದು ಕಾಲೇಜಿನ ಹಾಲಿನಲ್ಲಿ ತೂಗುಹಾಕಬೇಕು, ಅವರ ಮೇಷ್ಟ್ರು ನೋಡಿ ಅಂಕ ಕೊಡುತ್ತಾರೆ. ಅದರಲ್ಲಿ ಹೋದರೆ ಡಿಗ್ರಿಯೂ ಹೋಯಿತು. ಅವಳು ವಾರಗಟ್ಟಲೆ ಬರೆದಳು, ಹರಿದಳು. ಊಟ ಅರ್ಧಕ್ಕೇ ಎದ್ದು ಹೋಗಿ ಬರೆದಳು. ಕೊನೆಗೊಂದು ಸಂಜೆ, ಬಿಸಿಲು ಜಾರಿ ಗೋಡೆಯ ಬೆಕ್ಕೂ ಇಳಿದು ಹೋದ ಹೊತ್ತಿನಲ್ಲಿ, ಕುಂಚ ಕೆಳಗಿಟ್ಟು, “ರೀ, ಬಂತು ಕಣ್ರೀ” ಎಂದಳು. ಅವಳ ಕಣ್ಣು ತುಂಬಿತ್ತು.

“ಏನಿದು?”

“ಕನಸು. ನೋಡಿ, ಮೇಲೆ ಹುಲ್ಲು, ಮಧ್ಯದಲ್ಲೊಂದು ಕಣ್ಣು, ಕೆಳಗೆ ಸಂಜೆ.”

ನಿಜಕ್ಕೂ ಚೆನ್ನಾಗಿತ್ತು. ಹುಲ್ಲಿನ ಕೆಳಗೆ ಮಲಗಿದ ಕಣ್ಣು, ಅದರಡಿ ಸಂಜೆ.

ಮರುದಿನ ಬೆಳಿಗ್ಗೆ ಅವಳು ಕಾಲೇಜಿನ ಹಾಲ್ ಸಿದ್ಧಪಡಿಸಲು ಬೇಗನೆ ಹೊರಟಳು. “ಮೇಲೆ ಕೆಳಗೆ ಮರದ ಪಟ್ಟಿ ಅಂಟಿಸಿ, ಸುತ್ತಿ, ಮಧ್ಯಾಹ್ನ ತಂದುಬಿಡಿ. ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಅಂಟಿಸಲ್ಲ” ಎಂದಳು. ಹೊಗಳಿಕೆ! ಹೊಗಳಿಸಿಕೊಂಡ ಗಂಡನನ್ನು ಒಂಟಿಯಾಗಿ ಮನೆಯಲ್ಲಿ ಬಿಡಬಾರದು.

ಪಟ್ಟಿ ಅಂಟಿಸಿದೆ. ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ಆ ‘ಸಂಜೆ’ಯ ಉದ್ದನೆಯ ಗೆರೆ ಇದೆಯಲ್ಲ, ಅದು ಅರ್ಧದಿಂದಾಚೆಗೆ ಪೂರ್ತಿ ಬಿಳಿ ಬಿಳಿ! ಶಾಯಿ ಸಾಲದೆ ಕುಂಚ ಒಣಗಿ, ಪೊರಕೆಯಲ್ಲಿ ಗುಡಿಸಿದ ಹಾಗೆ ಎಳೆಎಳೆಯಾಗಿ ಬಿಟ್ಟುಹೋಗಿತ್ತು. ನನ್ನ ಗುರುಗಳ ಹತ್ತಿರ ಇಂಥ ಗೆರೆ ಎಳೆದಿದ್ದರೆ ಬೆನ್ನ ಮೇಲೆ ಗೆರೆ ಬೀಳುತ್ತಿತ್ತು. ಪಾಪ, ಸಂಭ್ರಮದಲ್ಲಿ ಗಮನಿಸಿಲ್ಲ. ಇದನ್ನು ಹೀಗೇ ಒಯ್ದರೆ ಮೇಷ್ಟ್ರು ಏನಂದಾರು? ಇಷ್ಟು ವರ್ಷದ ಓದು, ಒಂದು ಅದ್ದು ಶಾಯಿಗೆ ಹೋಗಬೇಕೆ?

ಅವಳ ಕಲ್ಲಿನಲ್ಲಿ ಶಾಯಿ ತೇಯ್ದೆ. ಆ ವಾಸನೆಯಲ್ಲೇ ಏನೋ ಮಾಯೆ ಇದೆ. ತೇಯುತ್ತ ತೇಯುತ್ತ ನಾನು ಬೋರ್ಡಿನವನಲ್ಲ, ಮಂಜು ಕವಿದ ಬೆಟ್ಟದ ತುದಿಯಲ್ಲಿ ಕೂತ ಯಾವುದೋ ಮುನಿ ಎನ್ನಿಸತೊಡಗಿತು. ಕೈಯ ಕೆಳಗೆ ಕೋಲು ಆನಿಸಿ, ನನ್ನ ಅತಿ ಸಣ್ಣ ಕುಂಚದಿಂದ ಒಂದೊಂದೇ ಬಿಳಿ ಎಳೆ ತುಂಬಿದೆ. ಅಂಚುಗಳು ಒರಟಾಗಿದ್ದವು, ಸ್ಕೇಲಿಟ್ಟು ನೇರ ಮಾಡಿದೆ. ಬಾಲ ಒಂದು ಕಡೆ ಸಿಡಿದಿತ್ತು, ದುಂಡಗೆ ಮಾಡಿದೆ. ಕೆಂಪು ಬಣ್ಣದಲ್ಲಿ ಅಕ್ಷರಕ್ಕೊಂದು ನೆರಳು ಕೊಡಲು ಕೈ ಹೋಯಿತು. ಬೇಡ, ಇದು ಅವಳ ಕೆಲಸ, ನಾನು ಹೆಚ್ಚು ಕೈ ಹಾಕಬಾರದು ಎಂದು ತಡೆದುಕೊಂಡೆ. ಆ ಸಂಯಮಕ್ಕೆ ಇವತ್ತಿನವರೆಗೂ ಯಾರೂ ನನ್ನನ್ನು ಹೊಗಳಿಲ್ಲ.

ಮುಗಿಸಿದಾಗ ಅಕ್ಷರ ಕಪ್ಪಗೆ, ದಪ್ಪಗೆ, ಬ್ಯಾಂಕಿನ ಬೋರ್ಡಿನಂತೆ ಥಳಥಳಿಸುತ್ತಿತ್ತು. ಸುತ್ತಿ, ದಾರ ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟೆ.

ಕಾಲೇಜಿನ ಹಾಲ್‌ನಲ್ಲಿ ಅವಳ ಸಹಪಾಠಿಗಳೆಲ್ಲ ನಿಂತಿದ್ದರು, ನಮ್ಮ ಮಗಳಿಗಿಂತ ಚಿಕ್ಕವರು. ಮೇಷ್ಟ್ರು ಬಿಳಿಗೂದಲಿನ ತೆಳ್ಳನೆಯ ಮನುಷ್ಯ. ಮಾತಾಡಿದರೆ ಧೂಳೇಳುತ್ತದೋ ಎಂಬಂತೆ ಮೆಲ್ಲಗೆ ಮಾತಾಡುವವರು. ಸುರುಳಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು (ನಾನೂ ಎರಡು ಕೈಯಲ್ಲೇ ಕೊಟ್ಟೆ), ಗೋಡೆಗೆ ನೇತುಹಾಕಿ ಬಿಚ್ಚಿದರು.

ಇಡೀ ಹಾಲ್ ನಿಶ್ಶಬ್ದವಾಯಿತು.

ಅದೇನು ನಿಶ್ಶಬ್ದ! ಕಿಟಕಿಯಿಂದ ಬಿಸಿಲಿನ ಕೋಲು ಇಳಿದಿತ್ತು. ಅದರಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ನಾನೂ ಜೊತೆಗೆ ತೇಲಿದೆ. ಭಕ್ತಿಯಿಂದ ಬಾಯಿ ಕಟ್ಟಿದೆ ಇವರಿಗೆಲ್ಲ ಎಂದುಕೊಂಡೆ. ಮೇಷ್ಟ್ರು ಕಾಗದದ ಕೆಳತುದಿಯನ್ನು ಬೆಳಕಿಗೆ ಓರೆಯಾಗಿ ಎತ್ತಿ ಹಿಡಿದು, ಮೆಲ್ಲಗೆ, “ಇದನ್ನ ಇಬ್ಬರು ಬರ್ದಿದ್ದಾರೆ. ಒಬ್ಬರು ಉಸಿರಾಡ್ತಾ ಬರ್ದಿದ್ದಾರೆ. ಇನ್ನೊಬ್ಬರು ಉಸಿರು ಕಟ್ಕೊಂಡು” ಎಂದರು.

ಎಂಥ ಕಣ್ಣು! ನನಗೆ ತಡೆಯಲಾಗಲಿಲ್ಲ. “ಎರಡನೆಯವನು ನಾನೇ ಸಾರ್!” ಎಂದು ಮುಂದೆ ಬಂದೆ.

ನನ್ನವಳ ಮುಖ ನೋಡಿದೆ. ನೋಡಬಾರದಿತ್ತು.

“ಮುಟ್ಟಿದ್ರಾ?” ಎಂದಳು. “ಗೆರೆ ಮುಟ್ಟಿದ್ರಾ?”

“ಅಲ್ವೇ, ಶಾಯಿ ಸಾಲದೆ ಬಿಳಿ ಬಿಟ್ಟಿತ್ತು…”

“ಅದು ಬಿಟ್ಟಿದ್ದಲ್ಲ! ಅದು ಬಂದಿದ್ದು! ಆ ಬಿಳಿಗೋಸ್ಕರ ಎಷ್ಟು ವಾರ ಬರ್ದೆ ಗೊತ್ತಾ ನಾನು? ಕುಂಚ ಓಡಿದ ವೇಗ ಕಾಣೋದೇ ಅಲ್ಲಿ. ಒಂದು ಸಲ ಎಳೆದ ಗೆರೇನ ಬರೆದವರೇ ಮುಟ್ಟಲ್ಲ ಕಣ್ರೀ, ನೀವು ಸ್ಕೇಲಿಟ್ರಾ?”

ಸ್ಕೇಲು ನನ್ನ ಜೇಬಿನಿಂದ ಅರ್ಧ ಹೊರಗೆ ಇಣುಕುತ್ತಿತ್ತು. ಒಳಗೆ ತಳ್ಳಿದೆ. ಮೇಷ್ಟ್ರು ತಲೆಯಾಡಿಸಿದರು. “ಬೇರೆಯವರ ಕೈ ಬಿದ್ದ ಮೇಲೆ ಇದಕ್ಕೆ ಅಂಕ ಕೊಡೋ ಹಾಗಿಲ್ಲಮ್ಮ. ನೀವು ಇಲ್ಲೇ, ಈಗಲೇ, ನನ್ನೆದುರಿಗೆ ಇನ್ನೊಂದು ಬರೆದ್ರೆ ನೋಡ್ತೀನಿ. ಒಂದೇ ಕಾಗದ.”

ಅವಳು ನೆಲದ ಮೇಲೆ ಕೂತಳು. ಹೊಸ ಕಾಗದ ಹಾಸಿ ಅಂಗೈಯಿಂದ ಸವರಿದಳು. ಆ ಕೈ ನೋಡಿ ನನಗೆ ಅಳು ಬಂದಂತಾಯಿತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ತಾಯಿ ಬಿಡಿಸಿದ ಓದನ್ನು ಅಷ್ಟು ಆಸೆಯಿಂದ ಮತ್ತೆ ಹಿಡಿದು ದಡದವರೆಗೆ ತಂದಿದ್ದಳು, ನಾನು ಹೋಗಿ ದೋಣಿಗೇ ತೂತು ಹಾಕಿದ್ದೆ. ಅವಳು ಶಾಯಿ ತೇಯ್ದಳು. ತೇಯುತ್ತ ತೇಯುತ್ತ ಕೈಗೆ ಹಳೆಯ ಲಯ ಸಿಕ್ಕಿತು. ಖಾಲಿ ಕಾಗದ ನೋಡಿದಳು. ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು, ಎಷ್ಟೋ ಹೊತ್ತು. ಆಮೇಲೆ ತೋಳು ಬೀಸಿದಳು.

‘ಕನಸು’ ಅಲ್ಲ. ಬೇರೆ ಯಾವುದೋ ಅಕ್ಷರ. ಗೆರೆಗಳು ಕಾಗದ ಸೀಳುವ ಹಾಗೆ ಹಾರಿದ್ದವು, ಬಾಲದಲ್ಲಿ ಬಿಳಿಯೋ ಬಿಳಿ.

ಮೇಷ್ಟ್ರು ಬಹಳ ಹೊತ್ತು ನೋಡಿದರು. “ತಾಳ್ಮೆ” ಎಂದು ಓದಿದರು. ನನಗೆ ತಿಳಿಯಲೆಂದು ಬೆರಳು ತೋರಿಸಿ ವಿವರಿಸಿದರು: “ಮೇಲಿರೋದು ಕತ್ತಿಯ ಅಲಗು. ಕೆಳಗಿರೋದು ಹೃದಯ.” ಆಮೇಲೆ ಅವಳ ಕಡೆ ತಿರುಗಿ, “ಈ ಅಕ್ಷರಾನ ನಾನು ವರ್ಷಾ ವರ್ಷಾ ನೋಡ್ತೀನಮ್ಮ. ಇಷ್ಟು ಒಳಗಿಂದ ಬಂದಿದ್ದು ನೋಡಿರಲಿಲ್ಲ. ಎಲ್ಲಿ ಅಭ್ಯಾಸ ಮಾಡಿದ್ರಿ?” ಎಂದರು.

“ಮನೇಲಿ” ಎಂದಳು.

ತರಗತಿಗೇ ಮೊದಲು ಬಂದಳು! ಅವಳು ನಕ್ಕಾಗ ನನಗೂ ಜೀವ ಬಂತು. ಹಾಗೆ ಜೀವ ಬಂದ ಹೊತ್ತಿನಲ್ಲೇ ಮೇಷ್ಟ್ರು ನನ್ನ ಕಡೆ ತಿರುಗಿ, “ನೀವು ತಿದ್ದಿದ ಕಾಗದ ನಮ್ಮ ವಿಭಾಗಕ್ಕೆ ಕೊಡ್ತೀರಾ? ಇಂಥದ್ದು ಬೇಕು ಅಂದ್ರೂ ಸಿಗಲ್ಲ” ಎಂದರು. ನಾನು ಬೇಡವೆನ್ನುತ್ತೇನೆಯೇ? ಕಲೆಯಲ್ಲಿ ಪಂಥಗಳು ಬೇರೆಯಿರಬಹುದು, ದೊಡ್ಡವರು ದೊಡ್ಡವರನ್ನು ಗುರುತಿಸುತ್ತಾರೆ. ಬೋರ್ಡು ಮುಗಿಸಿದಾಗ ಮಾಡುವಂತೆ ಕೆಳಗಿನ ಮೂಲೆಯಲ್ಲಿ ಸೊಗಸಾಗಿ ರುಜು ಹಾಕಿ, ಅದರಡಿ ಫೋನ್ ನಂಬರನ್ನೂ ಬರೆದು, ಎರಡು ಕೈಯಲ್ಲಿ ಕೊಟ್ಟೆ.

ಆಮೇಲೆ ಶುರುವಾದವು ಫೋನುಗಳು. “ಸಾರ್, ನೀವು ಅವರೇನಾ?” ಎಂದು ಹುಡುಗಿಯರು ಕೇಳುವುದು, “ನಾನೇ” ಎನ್ನುವುದು, ಆ ಕಡೆ ಕಿಲಕಿಲ, ಫೋನು ಕಟ್. ನನ್ನ ಖ್ಯಾತಿ ಹಬ್ಬುತ್ತಿದೆ ಎಂದುಕೊಂಡೆ. ಡಿಗ್ರಿ ಕೊಡುವ ದಿನ ಅವಳ ಜೊತೆ ಹೋದಾಗ ಮೊದಲ ವರ್ಷದವರು ನನ್ನನ್ನು ಮುತ್ತಿಕೊಂಡು, “ಇವರೇ, ಇವರೇ!” ಎಂದು ತಮ್ಮ ತರಗತಿಗೆ ಎಳೆದುಕೊಂಡು ಹೋದರು.

ಕರಿಹಲಗೆಯ ಪಕ್ಕದಲ್ಲಿ, ಗಾಜಿನ ಚೌಕಟ್ಟಿನೊಳಗೆ ನನ್ನ ಕನಸು ತೂಗುತ್ತಿತ್ತು. ಕಪ್ಪಗೆ, ದಪ್ಪಗೆ, ರುಜು ಮತ್ತು ಫೋನ್ ನಂಬರ್ ಸಮೇತ. ಅದರ ಮೇಲೊಂದು ಪಟ್ಟಿ, ನಮ್ಮದೇ ಭಾಷೆಯಲ್ಲಿ, ಕುಂಚದಲ್ಲಿ ಬರೆದದ್ದು: ‘ಹೀಗೆ ಮಾಡಬಾರದು.’

“ಯಾರು ಬರ್ದಿದ್ದು ಇದನ್ನ?” ಎಂದು ಕೇಳಿದೆ. ಕೇಳುವ ಅಗತ್ಯವಿರಲಿಲ್ಲ, ಆ ಎಳೆತ ನನಗೆ ಗೊತ್ತು.

“ಮೇಷ್ಟ್ರು ಕೇಳಿದ್ರು, ಬರ್ಕೊಟ್ಟೆ” ಎಂದಳು ನನ್ನವಳು. ಕೈಯಲ್ಲಿ ಡಿಗ್ರಿ ಸುರುಳಿ ಹಿಡಿದು ಹೊಸ ಮದುಮಗಳಂತೆ ಹೊಳೆಯುತ್ತಿದ್ದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪಟ್ಟಿಯ ಹತ್ತಿರ ಹೋದೆ. ಚೆನ್ನಾಗಿಯೇ ಬರೆದಿದ್ದಳು. ಆದರೆ ಆ ಕೊನೆಯ ಅಕ್ಷರದ ಬಾಲದಲ್ಲಿ ಒಂಚೂರು, ಒಂದೇ ಒಂದು ಎಳೆಯಷ್ಟು ಬಿಳಿ…

“ಕೈ ಜೇಬಲ್ಲಿರ್ಲಿ” ಎಂದಳು ಅವಳು, ಹಿಂದಿನಿಂದ.

ಇಟ್ಟುಕೊಂಡೆ. ಎರಡೂ ಕೈ.