ಬುಧವಾರ ಒಳಗೆ ಬಂದವರು

ನಮ್ಮ ಸೋದರತ್ತೆಗೆ ದೇವರಲ್ಲಿ ಅಪಾರ ನಂಬಿಕೆ. ಆದರೆ ಅದೇ ದೇವರ ತೀರ್ಥವನ್ನು ಮೂಸಿ ನೋಡದೆ ಬಾಯಿಗೆ ಹಾಕಿಕೊಳ್ಳುವವರಲ್ಲ! ಅರ್ಚಕರು ಮುಖ ಸಣ್ಣದು ಮಾಡಿಕೊಂಡರೆ, "ನಿಮ್ಮ ಮೇಲೆ ಏನಿಲ್ಲ ಸ್ವಾಮಿ, ನಿಮ್ಮ ವಾಟರ್ ಟ್ಯಾಂಕ್ ಮೇಲೆ ಡೌಟು" ಎಂದು ಸಮಾಧಾನ ಹೇಳುತ್ತಾರೆ.

ಇದು ಹುಟ್ಟುಗುಣವಲ್ಲ, ಉದ್ಯೋಗ ಕಲಿಸಿದ್ದು. ಅತ್ತೆ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ವಾರ್ಡನ್ ಆಗಿದ್ದವರು. "ಕಸಿನ್ ಮೇಡಂ" ಎಂದುಕೊಂಡು ಗೇಟಿಗೆ ಬರುತ್ತಿದ್ದ ಹುಡುಗರನ್ನು ನೋಡಿ ನೋಡಿ, ಜಗತ್ತಿನಲ್ಲಿ ಯಾರೂ ಯಾರ ಕಸಿನ್ನೂ ಅಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ನಿವೃತ್ತಿಯಾಗಿ ತ್ಯಾಗರಾಜನಗರದ ಮನೆಯಲ್ಲಿ ಕೂತರೂ ಆ ಗೇಟಿನ ಬುದ್ಧಿ ಹೋಗಿಲ್ಲ.

ಒಮ್ಮೆ ಅವರ ಜೊತೆ ಆಟೋದಲ್ಲಿ ಬನಶಂಕರಿಗೆ ಹೊರಟಿದ್ದೆ. ಡ್ರೈವರ್ ಎಡಕ್ಕೆ ತಿರುಗಿಸಿದ.

"ಯಾಕಪ್ಪಾ ಲೆಫ್ಟ್ ತಗೊಂಡೆ?"

"ನೆಟ್ಟಗೆ ಹೋದ್ರೆ ಒನ್ ವೇ ಅಮ್ಮ."

"ಯಾವಾಗಿಂದ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಆಟೋ ನಿಲ್ಲಿಸಿ, ಇಳಿದು, ಮೂಲೆಯವರೆಗೆ ನಡೆದುಹೋಗಿ ಬೋರ್ಡು ಓದಿಕೊಂಡು ಬಂದರು. "ಸರಿ, ಹೊರಡು. ಆದ್ರೆ ಬೋರ್ಡು ಯಾಕೋ ತೀರಾ ಹೊಸದಾಗಿದೆ" ಎಂದರು. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಶೇರ್ ಆಟೋ ಹತ್ತಿದ ಅಪರಿಚಿತಳಂತೆ ಹೊರಗೆ ನೋಡಿದೆ!

ಫೋನಿನಲ್ಲಿ ಮೋಸ ಮಾಡುವವರ ಗತಿಯಂತೂ ಕೇಳಲೇಬೇಡಿ. ಯಾವನೋ ಫೋನ್ ಮಾಡಿ, "ಮೇಡಂ, ನಿಮ್ಮ ಅಕೌಂಟ್ ಬ್ಲಾಕ್ ಆಗುತ್ತೆ, ಈಗಲೇ ಓಟಿಪಿ ಹೇಳಿ" ಎಂದನಂತೆ. "ಬೇಗ ಬ್ಲಾಕ್ ಮಾಡಪ್ಪಾ, ಪುಣ್ಯ ಬರುತ್ತೆ. ನಂಗೂ ಆ ಬ್ಯಾಂಕಿನ ಮೇಲೆ ಡೌಟೇ" ಎಂದರಂತೆ ಅತ್ತೆ. ಆ ಕಡೆಯವನೇ ಫೋನಿಟ್ಟನಂತೆ.

ಇಂಥವರು ಕಂಪ್ಯೂಟರ್ ಕಲಿತರೆ ಏನಾಗಬೇಡ? ನಾವೆಲ್ಲ ಕಣ್ಣುಮುಚ್ಚಿ 'ಐ ಅಗ್ರೀ' ಒತ್ತುತ್ತೇವಲ್ಲ, ಅದರ ಮೇಲಿರುವ ಷರತ್ತುಗಳನ್ನೆಲ್ಲ ಓದುವ ಜೀವ ಈ ಊರಿನಲ್ಲಿ ಇರುವುದು ಬಹುಶಃ ಇದೊಂದೇ. ತಿಂಡಿ ಮುಗಿಸಿ ಓದಲು ಕೂತರೆ ಊಟದ ಹೊತ್ತಿಗೆ ಅರ್ಧ ಮುಗಿಯುತ್ತದೆ. "ಅಗ್ರೀ ಅಂತಿದೆ, ಡಿಸಗ್ರೀ ಅಂತಿದೆ. 'ಯೋಚನೆ ಮಾಡಿ ಹೇಳ್ತೀನಿ' ಅಂತ ಯಾಕಿಲ್ಲ?" ಎಂದು ನನ್ನನ್ನೇ ಕೇಳಿದ್ದರು. ಅಂತೂ ಅವರ ಕಂಪ್ಯೂಟರಿನೊಳಗೆ ಅವರಿಗೆ ಗೊತ್ತಿಲ್ಲದೆ ಒಂದು ನೊಣವೂ ನುಗ್ಗಿಲ್ಲ.

ನಮ್ಮದು ಹಾಗಲ್ಲ. ಬಿಟಿಎಂ ಲೇಔಟಿನ ನಮ್ಮ ಫ್ಲಾಟಿನ ಹಾಲ್‌ನಲ್ಲಿರುವ ಕಂಪ್ಯೂಟರಿಗೆ ಈಚೆಗೆ ಏನೋ ಬಡಿದುಕೊಂಡಿತ್ತು. ಮಗಳ ಪಾಠ ತೆರೆದರೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಹಾರಿ ಬರುತ್ತಿತ್ತು. ಏನು ಹುಡುಕಿದರೂ ಹೆಸರೇ ಕೇಳದ ಯಾವುದೋ ಪುಟಕ್ಕೆ ಎಳೆದೊಯ್ಯುತ್ತಿತ್ತು. ಅದರ ಮೇಲೆ, "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಎಂದು ಕೆಂಪಗೆ ಮಿನುಗುವ ಒಬ್ಬ ಡಾಕ್ಟರ್ ಬೇರೆ! ನಾನು ಫೋನಿನಲ್ಲಿ ಗೋಳು ಹೇಳಿಕೊಂಡದ್ದೇ ತಡ, ಶನಿವಾರ ಮಧ್ಯಾಹ್ನ ಅತ್ತೆ ಬಸ್ಸು ಹಿಡಿದು ಬಂದೇ ಬಿಟ್ಟರು. ಕೈಯಲ್ಲಿ ಹುರಿಗಾಳಿನ ಡಬ್ಬಿ. ನಮ್ಮ ಮನೆಯ ಕುರುಕಲಿನ ಎಣ್ಣೆಯ ಮೇಲೂ ಅವರಿಗೆ ನಂಬಿಕೆಯಿಲ್ಲ.

ಕೆಂಪು ಡಾಕ್ಟರನ್ನು ನೋಡಿದವರೇ, "ಕರೀದೇ ಮನೆಗೆ ಬಂದು, ನಿಮಗೆ ಕಾಯಿಲೆ ಇದೆ ಅನ್ನೋನೇ ಮೊದಲ್ನೇ ಕಳ್ಳ" ಎಂದರು. ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮುಗಳ ಪಟ್ಟಿ ತೆರೆದು, ಅವು ಒಳಗೆ ಬಂದ ತಾರೀಕಿನ ಪ್ರಕಾರ ಸಾಲಾಗಿ ನಿಲ್ಲಿಸಿದರು.

"ನೋಡೇ, ಇವ್ರೆಲ್ಲ ಹೆಸರು ಹೆಂಗೆ ಬೇಕೋ ಹಂಗೆ ಇಟ್ಕೋತಾರೆ. ಬಂದ ದಿನ ಮಾತ್ರ ಮುಚ್ಚಿಡೋಕಾಗಲ್ಲ."

ನಾನು ಉತ್ಸಾಹದಿಂದ, ಬರೀ ಅರ್ಥವಿಲ್ಲದ ಅಕ್ಷರ, ಅಂಕೆಗಳೇ ತುಂಬಿದ್ದ ಒಂದು ಹೆಸರಿನ ಮೇಲೆ ಬೆರಳಿಟ್ಟೆ. "ಅತ್ತೆ, ಇದು ಗ್ಯಾರಂಟಿ ಕಳ್ಳಂದೇ. ತೆಗೆದುಬಿಡ್ಲಾ?"

"ಅಯ್ಯೋ, ಮುಟ್ಟಬೇಡ! ಅದು ಕಂಪ್ಯೂಟರ್ ತಂದ ದಿನಾನೇ ಬಂದಿರೋದು. ಸೌಂಡ್ ಬರೋದೇ ಅದ್ರಿಂದ. ಮುಖ ಚೆನ್ನಾಗಿಲ್ಲ ಅಂತ ಮನೆಯವರನ್ನೇ ಆಚೆ ಹಾಕ್ತಾರಾ?"

ಕಳ್ಳರು ಸಿಕ್ಕಿದ್ದು ಸ್ವಲ್ಪ ಕೆಳಗೆ. ಒಂದೇ ದಿನ, ಒಂದೇ ಗುಂಪಾಗಿ ಬಂದಿದ್ದರು: ಕೆಂಪು ಡಾಕ್ಟರ್, ಡಿಸ್ಕೌಂಟ್ ಕೂಪನ್ ಕೊಡುವವನು, ಹುಡುಕಾಟ ಸುಲಭ ಮಾಡುತ್ತೇನೆಂದವನು, ಹವಾಮಾನ ಹೇಳುವವನು. "ಮಳೆ ಬರುತ್ತಾ ಅಂತ ತಿಳ್ಕೊಳಕ್ಕೆ ಕಿಟಕಿ ಇಲ್ವಾ ನಿಮ್ಮನೇಲಿ?" ಎನ್ನುತ್ತಾ ಅತ್ತೆ ಅವನನ್ನೇ ಮೊದಲು ಹಿಡಿದರು. ಅವನು ಸುಮ್ಮನೆ ಹೋಗುತ್ತಾನೆಯೇ? 'ನಿಜವಾಗಿಯೂ ನಮ್ಮನ್ನು ಕಳಿಸುತ್ತೀರಾ?' ಎಂದು ಅಳುವ ಗೊಂಬೆಯ ಚಿತ್ರ ತೋರಿಸಿದ. 'ಇರಲಿ' ಎಂಬುದು ದೊಡ್ಡ ಹಸಿರು ಗುಂಡಿ, 'ತೆಗೆಯಿರಿ' ಎಂಬುದು ಮೂಲೆಯಲ್ಲಿ ಬೂದು ಬಣ್ಣದ ಸಾಸಿವೆ ಕಾಳು. "ಹಾಸ್ಟೆಲ್ಲಲ್ಲಿ ಇದಕ್ಕಿಂತ ಚೆನ್ನಾಗಿ ಅತ್ತೋರನ್ನ ನೋಡಿದ್ದೀನಿ" ಎಂದು ಅತ್ತೆ ಸಾಸಿವೆ ಕಾಳನ್ನೇ ಒತ್ತಿದರು. ಹೀಗೆ ಒಬ್ಬೊಬ್ಬರನ್ನೇ ಹೊರಗಟ್ಟಿ, ಬ್ರೌಸರಿನೊಳಗೆ ಅವಿತಿದ್ದ ಅವರ ಬಾಲಗಳನ್ನೂ ಕಿತ್ತು, ವೈರಸ್ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಎಣ್ಣೆ ಬರಲಿಲ್ಲ, ಡಾಕ್ಟರ್ ಬರಲಿಲ್ಲ. ನಾನು ಚಪ್ಪಾಳೆ ತಟ್ಟಿದೆ.

ಅತ್ತೆ ತಟ್ಟಲಿಲ್ಲ. "ಇವ್ರು ತಾವಾಗೇ ಬರಲ್ಲ. ಯಾರೋ ಒಬ್ಬ ನೆಟ್ಟಗಿರೋನಿಗೆ ಬಾಗಿಲು ತೆಗೆದಾಗ ಅವನ ಹಿಂದೆ ನುಗ್ಗಿರ್ತಾರೆ. ಅವನ್ಯಾರು ಅಂತ ಗೊತ್ತಾಗ್ಬೇಕು."

ಅದೇ ದಿನ ಬಂದ ಇನ್ನೊಂದು ಉಳಿದಿತ್ತು: ಕೆಲಸಕ್ಕೆ ಅರ್ಜಿ ಹಾಕಲು ಬಯೋಡೇಟಾ ಬರೆದುಕೊಡುವ ಉಚಿತ ಪ್ರೋಗ್ರಾಮು.

"ಅವತ್ತು ಬುಧವಾರ. ಮನೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲ ಅತ್ತೆ. ಸಂಜೆ ಮಗಳ ಹಾಡಿನ ಕ್ಲಾಸು, ಬರೋದೇ ಲೇಟು. ಬಂದಾಗ್ಲೇ ಈ ಎಣ್ಣೆ ಕಾಣಿಸ್ಕೊಂಡಿತ್ತು. ಬೆಳಿಗ್ಗೆಯಿಂದ ನಾನು ಆಫೀಸು, ಅವಳು ಸ್ಕೂಲು, ಇವರು ಶೋರೂಮು..."

ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸಿತು. ನಮ್ಮವರು ಟೈಲ್ಸ್ ಶೋರೂಮಿನಲ್ಲಿ ಮ್ಯಾನೇಜರು. ಅವತ್ತೂ ಟೈ ಕಟ್ಟಿಕೊಂಡು ಹೊರಟಿದ್ದರು, ಇವತ್ತೂ ಹೊರಟಿದ್ದರು. ಕೆಲವು ದಿನಗಳಿಂದ ಊಟದ ಡಬ್ಬಿ ಅರ್ಧಕ್ಕೇ ವಾಪಸು ಬರುತ್ತಿತ್ತು. ಶೋರೂಮಿನ ಸುದ್ದಿ ತೆಗೆದರೆ ಮಾತು ಬದಲಾಗುತ್ತಿತ್ತು. ನನ್ನ ಕೈ ಫೋನಿನ ಕಡೆ ಹೋಯಿತು.

ಅತ್ತೆ ಆ ಕೈಯನ್ನು ಹಿಡಿದರು. "ಬೇಡ. ಗೇಟಲ್ಲಿ ನಿಂತು ನಿಂತು ಒಂದು ಕಲ್ತಿದ್ದೀನಿ ಕಣೇ. ಸುಳ್ಳು ಹೇಳೋರೆಲ್ಲ ಕಳ್ಳರಲ್ಲ. ಕೆಲವ್ರಿಗೆ ಒಳಗೆ ಬರೋಕೆ ಮುಖ ಇರಲ್ಲ, ಅಷ್ಟೆ. ಹೋಗು, ಕಾಫಿಗೆ ನೀರಿಡು."

ಸಂಜೆ ನಮ್ಮವರು ಎಂದಿನ ಹೊತ್ತಿಗೇ ಬಂದರು. ಬೂಟು ಬಿಚ್ಚುತ್ತಿರುವಾಗಲೇ ಅತ್ತೆ, "ಬನ್ನಿ ಅಳಿಯಂದ್ರೇ. ಕಂಪ್ಯೂಟರ್ ಕ್ಲೀನಾಯ್ತು. ಆ ಬಯೋಡೇಟಾದ್ದು ಮಾತ್ರ ಒಳ್ಳೇದು, ತೆಗೆದಿಲ್ಲ. ಬರೆಯೋದಿದ್ರೆ ಬರೀರಿ, ಸ್ಪೆಲ್ಲಿಂಗ್ ನಾನು ನೋಡ್ತೀನಿ" ಎಂದರು, ಮಳೆ ಬರಬಹುದು ಎಂದಷ್ಟೇ ಸಲೀಸಾಗಿ.

ಅವರು ಒಂದು ಬೂಟು ಕೈಯಲ್ಲಿ ಹಿಡಿದು ಹಾಗೇ ಕೂತರು. ಆಮೇಲೆ ನನ್ನ ಕಡೆ ನೋಡಿ, "ಶೋರೂಮ್ ಮುಚ್ಬಿಟ್ರು ಕಣೇ. ಇನ್ನೊಂದು ಸಿಕ್ಕಿದ್ಮೇಲೆ ಹೇಳೋಣ ಅಂತ..." ಎಂದರು. ಲೋಟ ಅವರ ಕೈಗಿಟ್ಟು ಪಕ್ಕದಲ್ಲಿ ಕೂತೆ. ಮಗಳು ಬಂದು ಅಪ್ಪನ ಟೈ ಬಿಚ್ಚಿದಳು.

ಕಾಫಿ ಮುಗಿದ ಮೇಲೆ ಬಯೋಡೇಟಾ ಶುರುವಾಯಿತು. ಅವರು 'ಕಠಿಣ ಪರಿಶ್ರಮಿ' ಎಂದು ಟೈಪ್ ಮಾಡಿದರೆ ಅತ್ತೆ, "ಸಾಕ್ಷಿ ಏನಿದೆ?" ಎಂದರು. ನಮ್ಮವರು ನಕ್ಕುಬಿಟ್ಟರು! ಎಷ್ಟು ದಿನದ ಮೇಲೆ ಕೇಳಿದ ನಗುವೋ. ಕೊನೆಯಲ್ಲಿ, ನಿಮ್ಮನ್ನು ಬಲ್ಲವರೊಬ್ಬರ ಹೆಸರು ಬರೆಯಿರಿ ಎಂದಿತ್ತು. ಅತ್ತೆ ಕೀಬೋರ್ಡ್ ಎಳೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ, ತಮ್ಮ ಹೆಸರನ್ನೂ ಫೋನ್ ನಂಬರನ್ನೂ ಕುಟ್ಟಿದರು.

"ಅತ್ತೆ, ಸಂಬಂಧಿಕರ ಹೆಸರು ಬರೀಬಾರ್ದು" ಎಂದೆ.

"ಸಂಬಂಧಿಕಳು ಅಂತ ನಾನು ಯಾರಿಗಾದ್ರೂ ಸರ್ಟಿಫಿಕೇಟ್ ಕೊಟ್ಟಿದ್ದೀನಾ? ರಿಟೈರ್ಡ್ ವಾರ್ಡನ್ ಅಂತ ಹಾಕು."

ಕೆಲವು ವಾರಗಳಾದ ಮೇಲೆ ಜೆಪಿ ನಗರದ ಒಂದು ಅಂಗಡಿಯ ಮಾಲೀಕರು ಆ ನಂಬರಿಗೆ ಫೋನ್ ಮಾಡಿದರು. ನಮ್ಮವರು ಈಗ ಕೆಲಸ ಮಾಡುತ್ತಿರುವುದು ಅಲ್ಲೇ. ಆ ಫೋನಿನ ಕಥೆಯನ್ನು ಮೊದಲ ದಿನವೇ ಮಾಲೀಕರು ನಗುತ್ತಾ ಹೇಳಿದರಂತೆ. ಅವರು ಒಂದು ಪ್ರಶ್ನೆ ಕೇಳುವ ಮೊದಲೇ ಅತ್ತೆ, ಅಂಗಡಿ ಎಷ್ಟು ವರ್ಷದ್ದು, ಪಾಲುದಾರರು ಯಾರು, ಹಿಂದಿನ ಮ್ಯಾನೇಜರ್ ಯಾಕೆ ಬಿಟ್ಟರು, ಎಲ್ಲ ವಿಚಾರಿಸಿದರಂತೆ. ಕೊನೆಗೆ ಮಾಲೀಕರು, "ಮೇಡಂ, ಅವರನ್ನ ನಂಬಬಹುದಾ, ಅಷ್ಟು ಹೇಳಿ ಸಾಕು" ಎಂದಿದ್ದಾರೆ.

"ನಿಮ್ಮ ಮೇಲೆ ನಂಗಿನ್ನೂ ಡೌಟಿದೆ" ಎಂದರಂತೆ ಅತ್ತೆ. "ಆ ಹುಡುಗನ ಮೇಲೆ ಇಲ್ಲ."