ಅಪ್ಪಣೆಯ ವೈರು ಮತ್ತು ನನ್ನ ಕಾಲು

ನಮ್ಮ ಯಜಮಾನರು ಗಿಟಾರ್ ನುಡಿಸುತ್ತಾರೆ ಎಂಬುದು ನನ್ನ ದೂರಲ್ಲ. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮನುಷ್ಯ ಸಂಜೆ ಗಿಟಾರ್ ಹಿಡಿದರೆ ಯಾರಿಗೂ ನಷ್ಟವಿಲ್ಲ. ನನ್ನ ದೂರು ಆ ಗಿಟಾರಿಗೆ ಗಂಟುಬಿದ್ದ ಪೆಡಲ್ಲಿನ ಮೇಲೆ. ಟಿಫಿನ್ ಡಬ್ಬಿಯಷ್ಟಿರುವ ಆ ಪೆಟ್ಟಿಗೆಯ ಒಂದು ಗುಂಡಿ ಒತ್ತಿದರೆ ಗಿಟಾರು ಬಾವಿಯೊಳಗಿಂದ ಕೇಳಿಸುತ್ತದೆ. ಇನ್ನೊಂದು ಒತ್ತಿದರೆ ಟ್ರ್ಯಾಕ್ಟರ್ ಏರಿ ಹತ್ತಿದ ಹಾಗೆ. ನಾನು ಲಿಂಗಪೂಜೆಗೆ ಕೂತಾಗಲೇ ಟ್ರ್ಯಾಕ್ಟರ್ ಏರಿ ಹತ್ತುತ್ತದೆ. (ಶಿವನಿಗೆ ರೂಢಿಯಾಗಿದೆ. ನನಗಿನ್ನೂ ಆಗಿಲ್ಲ.)

ಶ್ರಾವಣದಲ್ಲಿ ತರೀಕೆರೆಯ ಮಠದಲ್ಲಿ ವಚನ ಗಾಯನವಿರುತ್ತದೆ. ಮದುವೆಯಾದಾಗಿನಿಂದ ಮುಂದಿನ ಸಾಲಲ್ಲಿ ಕೂತು ಕೇಳುವುದಷ್ಟೇ ನನ್ನ ಪಾಲಿಗೆ ಬಂದದ್ದು. ನನಗೆ ಹಾಡು ಕಲಿಸಿದವರಿಲ್ಲ, ಕೇಳಿ ಕೇಳಿಯೇ ಕಲಿತೆ. ಈ ಸಲ ಅಕ್ಕನ ಬಳಗದ ಹಿರಿಯರಾದ ದಾಕ್ಷಾಯಣಮ್ಮನವರೇ, "ಮಲ್ಲಿಕಾಂಬ, ಈ ಸೋಮವಾರ ನೀನೇ ಒಂದು ವಚನ ಹೇಳಮ್ಮ" ಎಂದರು. ಅಂದಿನಿಂದ ಒಲೆಯ ಮುಂದೆಯೂ ನನಗೆ ಅದೇ ಧ್ಯಾನ. ನನ್ನವರಿಗೂ ಪಕ್ಕದಲ್ಲಿ ಕೂತು ನುಡಿಸಲು ಹೇಳಿದರು. ಕೆಟ್ಟದ್ದು ಅಲ್ಲೇ.

ಪೆಡಲ್ಲಿನ ಗುಂಡಿಗಳನ್ನು ಕಾಲಿನಿಂದ ಒತ್ತಬೇಕು. ಮಠದಲ್ಲಿ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂರಬೇಕು. ಮಡಿಚಿಟ್ಟ ಕಾಲು ಏನನ್ನು ಒತ್ತೀತು? ಹಾಗಾಗಿ ಮನೆಗೆ ಇನ್ನೊಂದು ಪೆಟ್ಟಿಗೆ ಬಂತು, ಮಿಡಿ ಎಂಬ ವೈರು ಬಂತು, ಆ ಪೆಟ್ಟಿಗೆಗೆ ಸಿಕ್ಕಿಸಲು ಇಳಿಜಾರಾದ ಮತ್ತೊಂದು ಪೆಡಲ್ ಬಂತು.

"ಈ ಮಿಡಿ ವೈರಲ್ಲಿ ಶಬ್ದ ಹೋಗಲ್ಲ ಕಣೇ. ಬರೀ ಅಪ್ಪಣೆ ಹೋಗುತ್ತೆ. ದೂರದಲ್ಲಿ ಕೂತು ಒತ್ತಿದ್ರೆ ಅಲ್ಲಿ ಹೇಳ್ದಂಗೆ ಕೇಳುತ್ತೆ" ಎಂದು ವಿವರಿಸಿದರು.

"ನಿಮ್ಮಮ್ಮ ಹಿರೇನಲ್ಲೂರಿಂದ ಫೋನ್ ಮಾಡ್ತಾರಲ್ಲ, ಹಂಗೆ."

"ಹಂಗೇ ಅಂದ್ಕೋ."

"ಸರಿ, ಒತ್ತೋರು ಯಾರು?"

ಅವರು ನನ್ನ ಹೊಲಿಗೆ ಮೆಷಿನ್ನಿನ ಕಡೆ ನೋಡಿದರು. ಮೋಟರ್ ಕೂರಿಸಿದ ಮೆಷಿನ್ ಅದು, ಕಾಲಡಿಯ ಪೆಡಲ್ ಒತ್ತಿದರೆ ಓಡುತ್ತದೆ. ಅವರ ಇಳಿಜಾರು ಪೆಡಲ್ಲು ಅದರ ಒಡಹುಟ್ಟಿದ ತಂಗಿಯಂತಿತ್ತು. ಮುಂದಕ್ಕೆ ಒತ್ತಿದರೆ ಗಿಟಾರು ಜೋರಾಗುತ್ತದಂತೆ.

"ರೀ, ನಾನು ಹಾಡೋಳು."

"ಹಾಡೋರು ಯಾರ್ ಬೇಕಾದ್ರೂ ಸಿಗ್ತಾರೆ ಮಲ್ಲಿ. ಇಂಥ ಕಾಲು ಸಿಗಲ್ಲ."

(ಇಷ್ಟು ವರ್ಷದ ಸಂಸಾರದಲ್ಲಿ ನನ್ನ ರೂಪದ ಬಗ್ಗೆ ಅವರು ಆಡಿದ ಹೊಗಳಿಕೆ ಇದೊಂದೇ.)

ಜಗಳವಾಡಿ ಜಗಳವಾಡಿ ಒಪ್ಪಂದಕ್ಕೆ ಬಂದೆವು. ನಾನು ಹಾಡುತ್ತಲೇ, ಗಿಟಾರಿನ ಸರದಿಗೆ ಒತ್ತಬೇಕು, ನನ್ನ ಸಾಲಿಗೆ ತಗ್ಗಿಸಬೇಕು. ಕಾಲು ಇಳಿಬಿಡಬೇಕಲ್ಲ, ಅದಕ್ಕೆ ಮಂಡಿನೋವೆಂದು ಹೇಳಿ ಕುರ್ಚಿ ಕೇಳಬೇಕು. ಮಠದಲ್ಲಿ ಸುಳ್ಳಾಡಿದ ಪಾಪ ಪೆಡಲ್ಲಿನ ಖಾತೆಗೇ ಹೋಗಲಿ ಎಂದು ದೇವರ ಮುಂದೆ ಕೈಮುಗಿದೆ.

ಜಗಳದಲ್ಲೇ ದಿನ ಕಳೆದು ಅಭ್ಯಾಸಕ್ಕೆ ಹೊತ್ತೇ ಉಳಿಯಲಿಲ್ಲ. ಹೊರಡುವ ಬೆಳಿಗ್ಗೆ ಅವರು, "ಒಂದು ವಿಷಯ ಹೇಳ್ತೀನಿ ಕೇಳು, ಈ ಪೆಡಲ್ಲು..." ಎಂದು ಶುರು ಮಾಡಿದರು.

"ಕಾಲಿನ ಕೆಲಸ ನಂಗ್ ಹೇಳ್ಕೊಡ್ಬೇಡಿ. ಅರ್ಧ ಕಡೂರಿಗೆ ಬ್ಲೌಸ್ ಹೊಲಿದಿರೋ ಕಾಲು ಇದು."

ಯಾರು ಏನೇ ಹೇಳಿದರೂ ಕೊನೆಯವರೆಗೆ ಕೇಳುವವಳು ನಾನು. ಓಣಿಯವರೆಲ್ಲ ಗೋಳು ಹೇಳಿಕೊಳ್ಳಲು ನಮ್ಮ ಜಗುಲಿಗೇ ಬರುತ್ತಾರೆ. ಅವತ್ತು ಆ ಒಂದು ಮಾತನ್ನು ಮಾತ್ರ ಕೇಳಲಿಲ್ಲ.

ಮಠ ತುಂಬಿತ್ತು. ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಮೊದಲ ಸಾಲು ಹಾಡಿದೆ. ಗಂಟಲು ನನ್ನ ಮಾತು ಕೇಳಿತು. ಗಿಟಾರಿನ ಸರದಿ ಬಂದಾಗ ನೇರ ಹೊಲಿಗೆಗೆ ಒತ್ತುವಂತೆ ಪೆಡಲ್ಲನ್ನು ಪೂರ್ತಿ ಒತ್ತಿದೆ. ಎರಡನೇ ಸಾಲಿಗೆ, ಮೆಷಿನ್ ನಿಲ್ಲಿಸುವಂತೆ, ಕಾಲೆತ್ತಿದೆ. ಗಿಟಾರು ತಗ್ಗಲಿಲ್ಲ. ಬೇಕೆಂದೇ ಜೋರಾಗಿ ಬಾರಿಸುತ್ತಿದ್ದಾರೆ ಎನಿಸಿ ಕಣ್ಣು ತೆರೆದು ದುರುಗುಟ್ಟಿದೆ. ಅವರು ಅದನ್ನು ಭೇಷ್ ಎಂದು ತಿಳಿದು ಇನ್ನಷ್ಟು ಹುರುಪಾದರು. ನಾನೂ ಬಿಡಲಿಲ್ಲ. ಹೆಬ್ಬೆ ಜಲಪಾತದಡಿ ನಿಂತು ಮಗುವಿಗೆ ಜೋಗುಳ ಹಾಡಿದ ಹಾಗೆ ವಚನ ಮುಗಿಸಿದೆ. ಚಪ್ಪಾಳೆಯೇನೋ ಬಹಳ ಬಿತ್ತು.

ಅವರನ್ನು ಕಂಬದ ಮರೆಗೆ ಕರೆದೆ. "ಏನ್ರೀ ಇದು? ನಾನು ಕಾಲೆತ್ತಿ ಯಾವ ಕಾಲ ಆಯ್ತು, ಕಮ್ಮಿ ಮಾಡ್ಬಾರ್ದಾ?"

"ಬೆಳಿಗ್ಗೆ ಅದನ್ನೇ ಹೇಳಕ್ ಬಂದೆ. ಕಾಲೆತ್ತಿದ್ರೆ ವಾಪಸ್ ಬರಕ್ಕೆ ಇದೇನ್ ನಿನ್ ಹೊಲಿಗೆ ಮೆಷಿನ್ನಾ? ಒತ್ತಿದ ಕಡೇನೇ ನಿಂತಿರುತ್ತೆ ಕಣೇ. ಹಿಮ್ಮಡಿಲಿ ಹಿಂದಕ್ಕೆ ಒತ್ಬೇಕು."

ಅಂದರೆ ನನ್ನ ವಚನವನ್ನು ಮುಳುಗಿಸಿದ್ದು ನನ್ನದೇ ಕಾಲು.

ಅಷ್ಟರಲ್ಲಿ ದಾಕ್ಷಾಯಣಮ್ಮನವರು ಬಂದರು. "ರೇಣುಕಪ್ರಸಾದ್, ಗಿಟಾರಲ್ಲಿ ವಚನ ಇಷ್ಟ್ ಚೆನ್ನಾಗಿರುತ್ತೆ ಅಂತ ಗೊತ್ತಿರ್ಲಿಲ್ಲಪ್ಪ. ಮುಂದಿನ ಸೋಮವಾರ ಅಜ್ಜಂಪುರದೋರೂ ಕರೀತಿದಾರೆ" ಎಂದು ನನ್ನ ಕೈ ಹಿಡಿದುಕೊಂಡರು. "ನಿಂಗೆ ಪಾಪ, ಮಂಡಿನೋವು ಅಷ್ಟೊಂದಿದೆಯೇನೇ? ಕುರ್ಚಿ ಮೇಲೆ ಬಾಯಿ ಬಾಯಿ ಬಿಡ್ತಿದ್ದೆ, ನೋಡಕ್ಕಾಗ್ಲಿಲ್ಲ. ಅಲ್ಲಿ ಹಾಡಕ್ಕೆ ಬೇರೆಯೋರ್ನ ನೋಡ್ತೀನಿ ಬಿಡು. ನೀನು ಸುಮ್ನೆ ಗಂಡನ ಪಕ್ಕ ಕೂತ್ಕೊ, ಸಾಕು."

"ಕೂತ್ಕೋತಾಳೆ ಬಿಡಿ ಅಕ್ಕಾ" ಎಂದರು ನಮ್ಮವರು, ನನ್ನ ಕಾಲನ್ನೇ ನೋಡುತ್ತಾ.

ಮಂಡಿಗೆ ಹಚ್ಚಿಕೊಳ್ಳಲೆಂದು ದಾಕ್ಷಾಯಣಮ್ಮನವರು ಒಂದು ಶೀಷೆ ಎಣ್ಣೆ ಕಳಿಸಿದ್ದಾರೆ. ಹಚ್ಚಿಕೊಂಡೆಯೋ ಇಲ್ಲವೋ ಎಂದು ದಿನವೂ ಫೋನ್ ಮಾಡಿ ವಿಚಾರಿಸುತ್ತಾರೆ. ಇನ್ನೊಂದು ಸುಳ್ಳು ಹೇಳುವ ಧೈರ್ಯವಿಲ್ಲದೆ, ನೋವಿಲ್ಲದ ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಹಿಮ್ಮಡಿ ಒತ್ತುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.