ಅನ್ನದ ಅಗುಳು ಹೇಳದ ಗುಟ್ಟು

ಉಚ್ಚೆಯ ಮಾತೆತ್ತಿದರೆ ಮೂಗು ಮುಚ್ಚಿಕೊಳ್ಳುವವರನ್ನು ಕಂಡರೆ ನನಗೆ ನಗು. ಇವರೆಲ್ಲ ಬೆಳಿಗ್ಗೆ ಎದ್ದು ಪನ್ನೀರು ಬಿಡುತ್ತಾರೇನೋ! ನನಗೆ ಆ ನಾಚಿಕೆ ಹೋದದ್ದು ನಮ್ಮೂರಿಗೆ ಕರೆಂಟು ಬಂದ ಹೊಸದರಲ್ಲಿ, ನನ್ನ ಗಂಡನ ಕಣ್ಣು ಹಳದಿಯಾದಾಗ. ಮಿಡಿಗೇಶಿ ಕಡೆ ಕಾಮಾಲೆಯ ಪರೀಕ್ಷೆ ಮನೆಯಲ್ಲೇ. ರೋಗಿಯ ಉಚ್ಚೆಗೆ ಅನ್ನದ ಅಗುಳು ಹಾಕಿಡುವುದು, ಅಗುಳು ಹಳದಿ ತಿರುಗಿದರೆ ಸೊಪ್ಪು ಅರೆದು ಕುಡಿಸುವುದು. ಅಗುಳು ತಿರುಗಿತು, ನಾನೂ ಕುಡಿಸಿದೆ. ಕುರಿ ಹಿಂದೆ ಗುಡ್ಡ ಹತ್ತುತ್ತಿದ್ದ ಆಸಾಮಿ ಮೈ ಕೆರೆದುಕೊಳ್ಳುತ್ತಾ ಗೋಡೆ ಹಿಡಿದು ನಡೆಯುವಂತಾದ. "ಇನ್ನೊಂದ್ಸಲ ಸೊಪ್ಪು ಕುಡ್ಸಕ್ಕಾ" ಎಂದಳು ವಾರಗಿತ್ತಿ ಗಂಗಮ್ಮ. "ಕುಡ್ದು ಕುಡ್ದು ಅವನೇನು ಮೇಕೆ ಆಗ್ಬೇಕೇನೇ?" ಎಂದು ಬೈದು ಅವನನ್ನು ಮಧುಗಿರಿ ಬಸ್ಸು ಹತ್ತಿಸಿದೆ.

ಡಾಕ್ಟರು ಉಚ್ಚೆ ಕೇಳಿದರು. ನಾನು ಜಾಣೆ, ಹಿಂದಿನ ದಿನದ್ದನ್ನೇ ಸೀಸೆಯಲ್ಲಿ ತಂದಿದ್ದೆ, ಅಗುಳಿನ ಸಮೇತ.

"ಏನಮ್ಮಾ ಇದು, ಚಿತ್ರಾನ್ನ ತಂದಿದೀಯಾ?"

"ಪರೀಕ್ಷೆ ನಾನೇ ಮಾಡ್ಬುಟ್ಟಿವ್ನಿ ಸ್ವಾಮಿ, ನೀವು ಔಸ್ತಿ ಕೊಡಿ."

"ಹಳದಿ ಅನ್ನೋದನ್ನ ಕಣ್ಣೇ ಹೇಳುತ್ತೆ. ಯಾಕೆ ಹಳದಿ ಅಂತ ನಿನ್ನ ಅನ್ನ ಹೇಳಲ್ಲ. ಹಳೇದು ಬೇಡ, ಈಗ ಹುಯ್ದದ್ದು ಬೇಕು" ಎಂದರು.

ಗಂಡ ನಾಚಿಕೊಂಡು ಹುಯ್ದು ತಂದದ್ದಕ್ಕೆ ಅದೇನೋ ನೀರು ಬೆರೆಸಿ, ಕೆಂಪು ಬರುತ್ತದೋ ಎಂದು ನೋಡಿದರು. ಬರಲಿಲ್ಲ. "ಬಣ್ಣ ತಿರುಗ್ಲಿಲ್ಲ, ರೋಗ ಇಲ್ಲ, ಏಳು" ಎಂದು ಗಂಡನ ರಟ್ಟೆ ಹಿಡಿದೆ. "ಕೂತ್ಕೊಳಮ್ಮಾ! ಬರದೇ ಇರೋದೇ ರೋಗ" ಎಂದು ಗದರಿದರು. ಪಿತ್ತ ಕರುಳಿಗಿಳಿದರೆ ಅಲ್ಲಿ ಯೂರೋಬಿಲಿನೋಜನ್ ಅನ್ನುವುದು ಹುಟ್ಟಿ, ಚೂರುಪಾರು ಉಚ್ಚೆಗೂ ಬರುತ್ತದಂತೆ; ಆ ನೀರಿಗೆ ಕೆಂಪು ತಿರುಗುವುದು ಅದೇ ಅಂತೆ. ಆ ಹೆಸರು ನನ್ನ ಬಾಯಿಗೆ ಹತ್ತುವಷ್ಟರಲ್ಲಿ ಗಂಡ ಸಾಯದೆ ಉಳಿದದ್ದೇ ಹೆಚ್ಚು. ಈಲಿ, ಅದೇ ಲಿವರು, ಸೋತಿದ್ದರೆ ಸಾಮಾನ್ಯವಾಗಿ ಕೆಂಪು ಜೋರಾಗಿ ಬರುತ್ತದಂತೆ. ಒಂದಿಷ್ಟೂ ಬರದಿದ್ದರೆ ಪಿತ್ತದ ದಾರಿಯೇ ಕಟ್ಟಿದೆ ಎಂದು ಅನುಮಾನ. ಕಲ್ಲಿರಬಹುದು, ಕೊಯ್ದು ತೆಗೆಯದಿದ್ದರೆ ಆಳು ಉಳಿಯುವುದು ಕಷ್ಟ ಎಂದರು. ಕಲ್ಲಿಗೆ ಸೊಪ್ಪು ಕುಡಿಸುತ್ತಿದ್ದೆ ನಾನು! "ಮಲ ಯಾವ ಬಣ್ಣಕ್ಕಿದೆ?" ಎಂದು ಡಾಕ್ಟರು ಗಂಡನನ್ನು ಕೇಳಿದರೆ, "ತಿರುಗಿ ನೋಡಾಕೆ ಅದೇನು ದಿಬ್ಬಣವಾ ಸ್ವಾಮಿ?" ಎಂದ.

ತುಮಕೂರಿನಲ್ಲಿ ಕೊಯ್ದು ಕಲ್ಲು ತೆಗೆದರು. ಕಳಿಸುವಾಗ, "ಮಲಕ್ಕೆ ಬಣ್ಣ ಕೊಡೋದು ಪಿತ್ತ. ಬೂದಿ ಬಣ್ಣಕ್ಕಿದ್ದರೆ ದಾರಿ ಮತ್ತೆ ಕಟ್ಟಿದೆ ಅಂತ, ತಕ್ಷಣ ಬನ್ನಿ" ಎಂದರು. ಇವನೋ ನೋಡುವ ಪೈಕಿಯಲ್ಲ. ಹಾಗಾಗಿ ಬೆಳಗಾದರೆ ಚೊಂಬು ಹಿಡಿದು ಅವನು ಮುಂದೆ, ನಾನು ಹಿಂದೆ. "ಅಲ್ಲಿಗೂ ಬುಡಲ್ವಾ ಗಂಡನ್ನ? ಆ ಮೂತೀನ ಯಾರು ಹಾರಿಸ್ಕೊಂಡು ಹೋಯ್ತಾರಕ್ಕಾ?" ಎಂದು ಗಂಗಮ್ಮ ಊರಿಗೆಲ್ಲ ಕೇಳುವಂತೆ ನಕ್ಕಳು. ನಗಲಿ. ಕಣ್ಣಲ್ಲಿದ್ದ ಹಳದಿ ಮಲದಲ್ಲಿ ಕಂಡ ದಿನ ಬಯಲಲ್ಲೇ ನಿಂತು ಕೈ ಮುಗಿದುಬಿಟ್ಟೆ. ದೇವರ ಮುಂದೆ ಯಾವತ್ತೂ ಅಷ್ಟು ಭಕ್ತಿಯಿಂದ ಮುಗಿದವಳಲ್ಲ ನಾನು.